ಗಾಳಿ ಒಲ್ಲದ ಮನೆತನ

ನಮ್ಮ ಸೊಸೈಟಿಯ, ಹಸಿ ಕಸದಿಂದ ಅಡುಗೆ ಗ್ಯಾಸ್ ಮಾಡುವ ಟಾಕಿಗೆ ಮತ್ತೆ ಜೀವ ಬಂದದ್ದು ಹೊಸ ಪೈಪಿನಿಂದ ಎಂದು ಸೆಕ್ರೆಟರಿ ಜೋಶಿ ಕಾಕಾ ಹೇಳುತ್ತಾರೆ. ಈ ಭಾನುವಾರ ಪಕ್ಕದ ಸೊಸೈಟಿಯವರು ಅದನ್ನು ನೋಡಲು ಬಂದಾಗಲೂ ಅದನ್ನೇ ಹೇಳಿದರು. ನಾನು ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸುತ್ತಿದ್ದೆ. ವಾಚ್‌ಮನ್ ಖೋಲಿಯಿಂದ, ಅವನ ಹೆಂಡತಿ ಶರಣಮ್ಮ ಕುದಿಸುತ್ತಿದ್ದ ಶುಂಠಿ ಚಹಾದ ವಾಸನೆ ಬರುತ್ತಿತ್ತು. ಅವಳ ಒಲೆ ಉರಿಯುವುದು ಅದೇ ಟಾಕಿಯ ಗ್ಯಾಸಿನಿಂದ. ಚಹಾ ನಿಜ, ಉರಿ ನಿಜ, ಪೈಪಿನ ಕತೆ ಮಾತ್ರ ಸುಳ್ಳು. ಹೊಸ ಪೈಪು ಬಂದದ್ದು ಉರಿ ಹತ್ತಿದ ನಾಲ್ಕನೆಯ ದಿನ. ಪರಿಣಾಮ ಮೊದಲು ಬಂದು ಕಾರಣ ಆಮೇಲೆ ಬರುವುದನ್ನು ನೀವೆಲ್ಲಾದರೂ ಕಂಡಿದ್ದೀರಾ?

ಹಾಗಂತ ನನ್ನನ್ನೂ ಪೂರ್ತಿ ನಂಬಬೇಡಿ. ಈ ಪ್ರಕರಣದಲ್ಲಿ ಮೊದಲ ಆರೋಪಿ ನಾನೇ.

ಎರಡು ವರ್ಷದ ಹಿಂದೆ ಟಾಕಿ ಸ್ವಲ್ಪ ನಾರತೊಡಗಿದಾಗ ಸಭೆ ಕರೆದರು. ನಾನು ಆಗಷ್ಟೇ ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ ಗೆದ್ದು ಬಂದಿದ್ದೆ. ವಿಷಯ ಗೊತ್ತಿರಲಿ ಬಿಡಲಿ, ಒಂದು ಪಕ್ಷ ಹಿಡಿದು ಐದು ನಿಮಿಷ ಮಾತಾಡುವುದು ನನಗೆ ಸಲೀಸು. ಎದ್ದು ನಿಂತು ಅಚ್ಚ ಪುಣೇರಿ ಮರಾಠಿಯಲ್ಲಿ ವಾದಿಸಿದೆ: ಜೀವವಿದ್ದದ್ದಕ್ಕೆಲ್ಲ ಗಾಳಿ ಬೇಕು, ಮುಚ್ಚಿಟ್ಟದ್ದಕ್ಕೇ ಇದು ನಾರುತ್ತಿದೆ, ದಿನಾ ಬೆಳಗ್ಗೆ ಒಂದು ತಾಸು ಮುಚ್ಚಳ ತೆಗೆದಿಡಿ, ವಾರಕ್ಕೆರಡು ಸಲ ಒಳಗೆ ಫಿನೈಲ್ ಸುರಿಯಿರಿ. ಚಪ್ಪಾಳೆಯೋ ಚಪ್ಪಾಳೆ. ಮೂರನೆಯ ಸಾಲಿನಲ್ಲಿ ನಮ್ಮ ಇಂದೂ ಅತ್ತಿ, ಅಪ್ಪನ ಅಕ್ಕ, ಕೈಕಟ್ಟಿ ಕೂತಿದ್ದಳು. ಒಂದು ಮಾತೂ ಆಡಲಿಲ್ಲ.

ಅತ್ತಿ ಧಾರವಾಡದಿಂದ ಬಂದು ಇಲ್ಲಿಯ ಒಂದು ಪ್ರಯೋಗಶಾಲೆಯಲ್ಲಿ ಸಹಾಯಕಿಯಾಗಿದ್ದು ನಿವೃತ್ತಳಾದವಳು. ನಮ್ಮ ಬಳಗದ ಪ್ರಕಾರ ಅವಳ ಕೆಲಸ "ಬಾಟ್ಲಿ ತೊಳಿಯೋದು". ಇದನ್ನೂ ನಾನು ಒಪ್ಪುವುದಿಲ್ಲ. ಅವಳು ಬಾಟಲಿಯಿಂದ ಗಾಳಿ ತೆಗೆಯುತ್ತಿದ್ದಳು. ಎಮ್ಮೆಯ ಹೊಟ್ಟೆಯಲ್ಲಿ ಹುಲ್ಲು ಕರಗಿಸುವ ಸೂಕ್ಷ್ಮಜೀವಿಗಳನ್ನು ಅಲ್ಲಿ ಬೆಳೆಸುತ್ತಿದ್ದರು. ಅವಕ್ಕೆ ನಮ್ಮ ಪ್ರಾಣವಾಯುವೇ ವಿಷ. ಅವುಗಳ ಆಹಾರದ ದ್ರವವನ್ನು ಕುದಿಸಿ, ಬೇರೆ ಅನಿಲ ಹಾಯಿಸಿ, ಗಾಳಿ ನುಸುಳುವ ಮೊದಲೇ ರಬ್ಬರ್ ಬಿರಡೆ ಒತ್ತಬೇಕು. ಅದಕ್ಕೆ ಬೆರೆಸಿದ ಒಂದು ಬಣ್ಣ, ಗಾಳಿ ಸೋಕಿತೋ, ಗುಲಾಬಿಯಾಗಿ ಗುಟ್ಟು ಬಿಟ್ಟುಕೊಡುತ್ತದೆ. "ದೊಡ್ಡ ದೊಡ್ಡ ಡಾಕ್ಟರೇಟ್ ಮಾಡಿದವರು ಗುಲಾಬಿ ಬಾಟ್ಲಿ ಹಿಡಕೊಂಡು ನನ್ನ ಟೇಬಲ್ ಮುಂದ ಮಾರಿ ಸಣ್ಣದ ಮಾಡಿ ನಿಲ್ತಿದ್ರು," ಎನ್ನುತ್ತಾಳೆ.

ನನ್ನ ಸಲಹೆ ಜಾರಿಯಾಯಿತು. ಹತ್ತು ದಿನದಲ್ಲಿ ಉರಿ ಸಣ್ಣಗಾಯಿತು, ಆಮೇಲೆ ಆರಿತು. ನಾತ ಇಮ್ಮಡಿಯಾಯಿತು. ಯಾದಗಿರಿ ಕಡೆಯ ಶರಣಮ್ಮ ನಮ್ಮ ಬಾಗಿಲಿಗೆ ಬಂದು ಅತ್ತಿಯನ್ನು ಕರೆದಳು. "ಬಾಯಿ, ಒಲಿ ಹತ್ತವಲ್ದು ನೋಡ್ರಿ. ಎದರ ಮ್ಯಾಲ ಅಡಗಿ ಮಾಡ್ಲಿ?" ಎರಡನೆಯ ಸಭೆಯಲ್ಲಿ ಜೋಶಿ ಕಾಕಾ, ಟಾಕಿ ಒಡೆದು ಬೈಕ್ ನಿಲ್ಲಿಸಲು ಜಾಗ ಮಾಡೋಣ ಎಂದರು. ಆಗ ಅತ್ತಿ ಎದ್ದಳು. ಮೂರು ವಾರ ಟಾಕಿ ನನ್ನ ಕೈಗೆ ಕೊಡಿ, ಅಲ್ಲಿಯವರೆಗೆ ಯಾರೂ ಮುಚ್ಚಳ ಮುಟ್ಟಕೂಡದು, ಉರಿ ಹತ್ತದಿದ್ದರೆ ಒಡೆಯಿರಿ ಎಂದಳು. ಒಪ್ಪಿದರು, ನಗುತ್ತಲೇ.

ಮೆಟ್ಟಿಲು ಹತ್ತುವಾಗ ನಾನು ಬಿಡಲಿಲ್ಲ. "ಗಾಳಿ ಬ್ಯಾಡಂದ್ರ ಅದೆಂಥಾ ಜೀವ ಅತ್ತಿ? ಪುರಾವಿ ಎಲ್ಲದ?"

"ಪುರಾವಿ ನಿಮ್ಮ ಹೊಟ್ಟ್ಯಾಗ ಅದ ರೀ, ವಕೀಲಬಾಯಾರ."

ಅಲ್ಲೇ ಕಟಕಟೆ ಹಿಡಿದು ನಿಂತು ಹೇಳಿದಳು. ರುಮಿನೊಕಾಕೇಸಿ ಅಂತ ಸೂಕ್ಷ್ಮಜೀವಿಗಳ ಒಂದು ಮನೆತನ. ಗಾಳಿ ಇಲ್ಲದ ಜಾಗವೇ ಅವರ ತವರು. ಎಮ್ಮೆಯ ಹೊಟ್ಟೆಯಲ್ಲಿ ಅವರು ಹುಲ್ಲಿನ ನಾರು ಕಡಿಯುತ್ತಾರೆ. ನಮ್ಮ ದೊಡ್ಡ ಕರುಳಿನಲ್ಲಿ, ನಾವು ಅರಗಿಸಲಾರದ ರೊಟ್ಟಿಯ, ಕಾಳಿನ ನಾರನ್ನು ಹುಳಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತಾರೆ. ಕರುಳಿನ ಒಳಗೋಡೆಗೆ ಅದೇ ಊಟ. ಕೆಸರಿನಲ್ಲಿ, ಇಂಥ ಟಾಕಿಗಳಲ್ಲಿ ಅವರ ನೆಂಟರು ಸಿಪ್ಪೆ ಕರಗಿಸಿ ಮುಂದಕ್ಕೆ ದಾಟಿಸುತ್ತಾರೆ. ಅದರಿಂದ ಉರಿಯುವ ಮೀಥೇನ್ ಮಾಡುವವರು ಬೇರೆಯವರೇ, ಅವರಿಗೂ ಗಾಳಿ ಆಗದು.

"ಒಬ್ಬರು ಹೆಚ್ಚಿ ಕೊಡ್ತಾರ, ಒಬ್ಬರು ಒಗ್ಗರಣಿ ಹಾಕ್ತಾರ. ನೀ ಇಬ್ಬರಿಗೂ ಫಿನೈಲ್ ಕುಡಿಸಿದಿ."

ಮರುದಿನ ಬೆಳಗ್ಗೆ ಅತ್ತಿಯ ಜೊತೆ ನಾನೂ ಕೆಲಸಕ್ಕೆ ಇಳಿದೆ.

ಫಿನೈಲಿನ ರಾಡಿ ತೆಗೆಸಿ, ಟಾಕಿ ತೊಳೆಸಿದೆವು. ಗಾವಠಾಣದ, ಅಂದರೆ ಹಳೆಯ ಹಳ್ಳಿಯ ಭಾಗದ, ಎಮ್ಮೆ ಕೊಟ್ಟಿಗೆಯಿಂದ ಬಿಸಿಬಿಸಿ ಸಗಣಿ ತರಬೇಕಿತ್ತು, ಆ ಮನೆತನವನ್ನು ಮತ್ತೆ ಒಳಗೆ ಕೂಡಿಸಲು. ಎಷ್ಟು ಸಲ ಹೋಗಿ ಬಂದೆವೋ ಲೆಕ್ಕವಿಲ್ಲ. ನಾನು ಸ್ಕೂಟರ್ ಹೊಡೆಯುವವಳು. ಹಿಂದೆ ಅತ್ತಿ, ತೊಡೆಯ ಮೇಲೆ ಬಕೀಟು, ಬಕೀಟಿನ ಮುಚ್ಚಳದ ಮೇಲೆ ಎರಡೂ ಕೈ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಆಸೆಗಣ್ಣಿನಿಂದ ನೋಡಿ, "ಕಾಯ್ ಕಾಕೂ, ಬಾಸುಂದಿ ಕಾ?" ಎಂದ, ಬಕೀಟಿನಲ್ಲಿ ಆ ಗಟ್ಟಿ ಹಾಲಿನ ಸಿಹಿ ಇದೆಯೆಂದು ಬಗೆದು.

"ಬಾಸುಂದೀಚೀ ಆಈ!" ಎಂದಳು ಅತ್ತಿ. ಬಾಸುಂದಿಯ ತಾಯಿ! ಯೋಚಿಸಿದರೆ ಉತ್ತರದಲ್ಲಿ ಒಂದಿನಿತೂ ತಪ್ಪಿಲ್ಲ. ಆ ಜೀವಿಗಳು ಹುಲ್ಲು ಕರಗಿಸದಿದ್ದರೆ ಹಾಲೆಲ್ಲಿಂದ ಬರಬೇಕು?

ಮುಚ್ಚಳ ಕಾಯುವ ಕೆಲಸ ನನ್ನದು. ಎಲ್ಲರಿಗೂ ಸುಮ್ಮನೆ ಒಂದು ಸಲ ಇಣುಕಿ ನೋಡುವ ಆಸೆ. ನಾನು ಕಲಿತ ವಾದವಿದ್ಯೆಯೆಲ್ಲ "ತೆಗೀಬ್ಯಾಡ್ರಿ" ಎಂಬ ಒಂದೇ ಮಾತಿಗೆ ಖರ್ಚಾಯಿತು, ಅದೂ ಎರಡು ಭಾಷೆಯಲ್ಲಿ. ಅತ್ತಿ ದಿನಾ ಒಂದೊಂದು ಬೊಗಸೆ ಸಿಪ್ಪೆ ಹಾಕಿಸುತ್ತಿದ್ದಳು, ಬಾಣಂತಿಗೆ ಗಂಜಿ ಕೊಟ್ಟ ಹಾಗೆ. ಎರಡು ವಾರ ದಾಟಿತು, ಒಲೆ ಉಸಿರೆತ್ತಲಿಲ್ಲ. ಜೋಶಿ ಕಾಕಾ ಟಾಕಿ ಒಡೆಯುವವರನ್ನು ಕರೆದು ತೋರಿಸಿದರು. ಅತ್ತಿ ಊಟ ಕಡಿಮೆ ಮಾಡಿದ್ದು ಆ ದಿನಗಳಲ್ಲೇ, ನಾವು ಕೇಳಿದರೆ ಸೆಕೆ ಎಂದಳು. ಹತ್ತೊಂಬತ್ತನೆಯ ದಿನ ಶರಣಮ್ಮ ಕಡ್ಡಿ ಗೀರಿದಳು. ಒಂದು, ಎರಡು. ಮೂರನೆಯದಕ್ಕೆ ನೀಲಿ ಉರಿ ಎದ್ದಿತು.

"ಹತ್ತ್ಯದ ನೋಡ್ರಿ ಬಾಯಿ!"

"ಚಹಾಕ್ಕ ಸಕ್ರಿ ಸ್ವಲ್ಪ ಕಡಿಮಿ ಹಾಕು," ಎಂದಳು ಅತ್ತಿ. ಸೆರಗಿನಿಂದ ಕಣ್ಣೊರೆಸಿಕೊಂಡದ್ದಕ್ಕೆ ನಾನು ಸಾಕ್ಷಿ.

ಅದಕ್ಕೇ ಈ ಭಾನುವಾರ ನಾನು ಸುಮ್ಮನಿರಲಿಲ್ಲ. ಪಕ್ಕದ ಸೊಸೈಟಿಯವರ ಎದುರೇ ಎಲ್ಲವನ್ನೂ ಹೇಳಿದೆ, ನನ್ನ ಫಿನೈಲ್ ಸಮೇತ. ಜೋಶಿ ಕಾಕಾ ಕೆಮ್ಮಿದರು. ಬಂದವರು, "ಆ ಬಾಯಿ ಎಲ್ಲಿದ್ದಾರೆ? ನಮ್ಮ ಟಾಕಿಯನ್ನೂ ನೋಡಬೇಕು" ಎಂದರು. ಅಷ್ಟು ಹೆಮ್ಮೆಯಿಂದ ನಾನು ಯಾವ ವೇದಿಕೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ. ಅತ್ತಿ ವಿಷಯ ಕೇಳಿ, ಏನೂ ಆಗದವರ ಹಾಗೆ ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟು ಬಂದಳು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದವಳನ್ನು, ಎರಡು ವರ್ಷದಿಂದ ಕೇಳದೇ ಉಳಿದದ್ದನ್ನು ಕೇಳಿದೆ:

"ಅತ್ತಿ, ಮೊದಲನೇ ಸಭ್ಯಾಗ ನಾ ಮಾತಾಡೋ ಮುಂದ ನಿನಗ ಎಲ್ಲಾ ಗೊತ್ತಿತ್ತು. ಅಷ್ಟು ಮಂದಿ ಮುಂದ ಎದ್ದು ನನ್ನ ಯಾಕ ತಡೀಲಿಲ್ಲ?"

"ಅಷ್ಟು ಚಪ್ಪಾಳ್ಯಾಗ ಬಾಟ್ಲಿ ತೊಳಿಯೋಕಿ ಮಾತು ಯಾರು ಕೇಳ್ತಿದ್ರು, ನಡಿ, ಸ್ಕೂಟರ್ ತಗಿ," ಎಂದಳು ಅತ್ತಿ.