ಪಾನಾದ ಅರ್ಧ ಸುತ್ತು

ಹಳೆಯ ಸಾಮಾನು ಕೊಳ್ಳಲು ಹೋದಾಗ ಮೊದಲಿಗೇ ಬೆಲೆ ಕೇಳಬಾರದು. ಯಾಕೆ ಮಾರುತ್ತಿದ್ದೀರಿ ಎಂದು ಕೇಳಬೇಕು. ಮಾರುವವನು ಕಾರಣ ಹೇಳುತ್ತ ಹೋದಂತೆ ಅವನಿಗೆ ಎಷ್ಟು ಅವಸರವಿದೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಆಮೇಲೆ ಸಾಮಾನನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಏನೂ ಹೇಳದೆ ಕೆಳಗಿಡಬೇಕು. ಚಹಾ ಬಂದರೆ ನಿಧಾನವಾಗಿ ಕುಡಿಯಬೇಕು. ನಾಶಿಕದಲ್ಲಿ ಮೂವತ್ತು ವರ್ಷ ನಳದ ಕೆಲಸ ಮಾಡಿ ನಾನು ಕಲಿತದ್ದು ಇದು. ಇದನ್ನು ಕೊನೆಯ ಸಲ ಮನಸಾರೆ ಬಳಸಿದ್ದು ಮಗಳ ಕಂಪ್ಯೂಟರಿಗಾಗಿ.

ಮಗಳಿಗೆ ಆಗ ಇಪ್ಪತ್ತೊಂದು. ಕಂಪ್ಯೂಟರಿನಲ್ಲಿ ಚಿತ್ರ ಕಟ್ಟಿ ಓಡಾಡಿಸುವ ಕೋರ್ಸು ಮುಗಿಸಿದ್ದಳು. ಸಂಭಾಜಿನಗರದ ಒಂದು ಸ್ಟುಡಿಯೋದವರು ಅವಳ ಸಣ್ಣಪುಟ್ಟ ಕೆಲಸ ನೋಡಿ, ನಾಲ್ಕು ನಿಮಿಷದ ಚಿತ್ರವೊಂದನ್ನು ಪೂರ್ತಿ ನೀನೇ ಮಾಡಿ ಮೇ ತಿಂಗಳ ಕೊನೆಯೊಳಗೆ ತಂದರೆ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಅವಳು ಆರಿಸಿಕೊಂಡದ್ದು ನಾನು ಬೆಳೆದ ತಗಡಿನ ಶೆಡ್ಡನ್ನು. ನನ್ನಪ್ಪ ಅವ್ವ ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಕಟ್ಟಡ ಎಲ್ಲಿ ಏಳುತ್ತಿತ್ತೋ ಅಲ್ಲಿ ನಮ್ಮ ಶೆಡ್ಡು. ತಗಡುಗಳು ಹಳೆಯವು, ಹಿಂದಿನ ಕೆಲಸದಲ್ಲಿ ಮೊಳೆ ಹೊಡೆದು ಕಿತ್ತ ತೂತುಗಳು ತುಂಬಿದವು. ಬೆಳಗಿನ ಬಿಸಿಲು ಆ ತೂತುಗಳಿಂದ ಇಳಿದು, ರೊಟ್ಟಿ ಬಡಿಯುವ ಅವ್ವನ ಕೈಮೇಲೆ ಚುಕ್ಕಿಚುಕ್ಕಿಯಾಗಿ ಬೀಳುತ್ತಿತ್ತು. ಎಂದೋ ಊಟಕ್ಕೆ ಕೂತಾಗ ಹೇಳಿದ ಮಾತು. ಮಗಳು ಅದನ್ನು ಮರೆತಿರಲಿಲ್ಲ. ಒಂದು ದಿನ ಕರೆದು ತೋರಿಸಿದಳು. ಪರದೆಯ ಮೇಲೆ ನಮೂನೆಗೆಂದು ಮಾಡಿದ ಒಂದೇ ಒಂದು ನಿಂತ ಚಿತ್ರ: ಅದೇ ತಗಡು, ಅದೇ ಬಿಸಿಲು, ಹಿಟ್ಟು ಹತ್ತಿದ ಒಂದು ಕೈ. ಅವ್ವ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ನಾನು ನೀರು ಕುಡಿಯುವ ನೆವ ಮಾಡಿ ಎದ್ದು ಹೋದೆ.

ಆದರೆ ಬೇಸಗೆ ಬಂದಂತೆ ಕಂಪ್ಯೂಟರು ಕೈಕೊಟ್ಟಿತು. ಫ್ಯಾನು ಮಿಕ್ಸರಿನಂತೆ ಅರಚುತ್ತಿತ್ತು, ಅರ್ಧ ಕೆಲಸದಲ್ಲೇ ಯಂತ್ರ ನಿಂತುಬಿಡುತ್ತಿತ್ತು.

“ಒಂದೊಂದ ತೂತಿನ ಬೆಳಕು ಎಲ್ಲೆಲ್ಲಿ ಬೀಳತೈತಿ ಅಂತ ಅದು ಹಿಸಾಬ್ ಮಾಡಬೇಕಪ್ಪಾ,” ಅಂದಳು. ಅವಳ ಕನ್ನಡ ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ಕನ್ನಡ; ಮರಾಠಿಯ ಆಸರೆ ಇಲ್ಲದೆ ನಿಲ್ಲುವುದಿಲ್ಲ. “ಗರಂ ಆಗಿ ಬಂದ್ ಬೀಳತೈತಿ. ಗಾಳಿ ಸಾಲಂಗಿಲ್ಲ, ಪಾಣೀ ಪಾಹಿಜೇ. ನೀರು ಬೇಕು.”

ನೀರು ಎಂದ ಕೂಡಲೇ ನಾನು ಚಾಪೆ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತೆ. ಮೊಬೈಲಿನಲ್ಲಿ ತೋರಿಸಿದಳು. ಕಾದು ಬಿಸಿಯಾಗುವ ಚಿಪ್ಪಿನ ಮೇಲೆ ತಾಮ್ರದ ಬಿಲ್ಲೆ, ಬಿಲ್ಲೆಯ ಮೇಲೆ ಹರಿಯುವ ನೀರು; ಅದು ಬಿಸಿಯನ್ನು ಹೊತ್ತು ಪೈಪಿನಲ್ಲಿ ಹೋಗಿ ರೇಡಿಯೇಟರಿನಲ್ಲಿ ತಣಿದು, ಸಣ್ಣ ತೊಟ್ಟಿಗೆ ಬಂದು, ಪಂಪು ನೂಕಿದಂತೆ ಮತ್ತೆ ಬಿಲ್ಲೆಗೆ. ಟಾಕಿ, ಪಂಪು, ಲೈನು, ವಾಪಸಿನ ಲೈನು. ಆರು ಮಹಡಿಗೆ ನೀರು ಏರಿಸಿದವನಿಗೆ ಇದು ಆಟಿಕೆ ಎನಿಸಿತು.

ಇದೆಲ್ಲ ಹಿಡಿಸುವ ಕಂಪ್ಯೂಟರಿನ ಪೆಟ್ಟಿಗೆ ಹೊಸದು ಬೇಡ ಎಂದು ನಾನೇ ಹೇಳಿದೆ. ಮಾಳಿಗೆಯ ಮೇಲೆ ತುಕ್ಕು ಹಿಡಿದು ಬಿದ್ದಿದ್ದ ಹಳೆಯ ಕಬ್ಬಿಣದ ಕೂಲರಿನ ಮೈ ಇತ್ತು. ತಳದ ತೊಟ್ಟಿಯನ್ನು ಗ್ರೈಂಡರಿನಿಂದ ಕತ್ತರಿಸಿ ತೆಗೆದೆ. ಹುಲ್ಲಿನ ಪದರ ಇದ್ದ ಕಡೆ ರೇಡಿಯೇಟರು ಕೂರುವಂತೆ ಪಟ್ಟಿ ಹೊಡೆದೆ, ಇನ್ನೊಂದು ಬದಿಗೆ ಕಿಟಕಿ ಕೊರೆದು ಗಾಜು ಕೂರಿಸಿದೆ. ಮಗಳು ತುಕ್ಕು ಉಜ್ಜಿ ಕಡುನೀಲಿ ಬಣ್ಣ ಬಳಿದಳು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

“ಕೂಲರಿನೊಳಗಿನ ನೀರ ತಗದು ಮತ್ತ ಕೂಲರಿನೊಳಗ ನೀರ ಹಾಕಾಕತ್ತೀರಿ. ಇದರಾಗ ಹೊಸಾದೇನೈತ್ರಿ?”

“ನಿನಗ ತಿಳಿಯಂಗಿಲ್ಲ, ಸುಮ್ಮನಿರು.”

“ನನಗ ತಿಳಿಯಂಗಿಲ್ಲ ಖರೆ. ಮನ್ಯಾಗ ಇನ್ನೊಂದು ಕೂಲರ್ ಇಲ್ಲ ಅನ್ನೂದಷ್ಟ ತಿಳಿತೈತಿ.”

ಒಳಗಿನ ಸಾಮಾನಿಗೆ ಸಂಭಾಜಿನಗರಕ್ಕೆ ಹೋದೆವು. ವಾಳೂಜ್ ಕಡೆ ಒಬ್ಬರು ಪೂರ್ತಿ ಸೆಟ್ ಮಾರಲಿಕ್ಕಿಟ್ಟಿದ್ದಾರೆ ಎಂದು ಮಗಳು ಹುಡುಕಿದ್ದಳು. ನನ್ನದೇ ವಯಸ್ಸಿನ ಮನುಷ್ಯ, ಕಾರ್ಖಾನೆಯಲ್ಲಿ ಲೇತ್ ನಡೆಸುವವರು, ಬಿಡುವಿನಲ್ಲಿ ಇಂಥ ಕಂಪ್ಯೂಟರು ಕಟ್ಟುತ್ತಿದ್ದವರು. ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ನನ್ನ ಕಿವಿಯಲ್ಲಿ ಉಳಿದಂತೆ ಬರೆಯುತ್ತೇನೆ.

“ಯಾಕ ಮಾರಾಕತ್ತೀರಿ?” ಎಂದೆ.

“ಕಣ್ಣಿಗೆ ಮಂಜು ಬಂದೈತ್ರಿ. ಸಣ್ಣ ಮೊಳೆ ಕಾಣಂಗಿಲ್ಲ.”

ಪಂಪನ್ನು ಎತ್ತಿ ತಿರುಗಿಸಿ ಕೆಳಗಿಟ್ಟೆ. “ಇದರ ಆಯುಷ್ಯ ಮುಗದಂಗ ಕಾಣತೈತಿ.”

“ಮಂಜು ಬಂದದ್ದು ನನ್ನ ಕಣ್ಣಿಗೆ ಸಾಹೇಬ್ರ, ನಿಮಗ ಯಾಕ ಕಾಣವಲ್ದು? ಹಚ್ಚಿ ತೋರಸ್ತೀನಿ, ಸಪ್ಪಳರೆ ಕೇಳ್ರಿ.”

ಪಂಪು ಬೆಕ್ಕಿನ ಮರಿಯಂತೆ ಗುರುಗುಟ್ಟಿತು. ನಾನು ಮುಖ ಸಡಿಲಿಸಲಿಲ್ಲ. ರೇಡಿಯೇಟರಿನ ರೆಕ್ಕೆ ಬಾಗಿವೆ ಎಂದೆ, ಪೈಪು ಹಳದಿಯಾಗಿದೆ ಎಂದೆ, ನಾಶಿಕದಿಂದ ಇಬ್ಬರು ಬಸ್ಸಿನಲ್ಲಿ ಬಂದಿದ್ದೇವೆ ಎಂದೆ. ಮಗಳು ಅಂಗಿಯ ತುದಿ ಹಿಡಿದು ಜಗ್ಗಿದಳು. “ಅಪ್ಪಾ, ಪುರೆ. ಲಾಜ್ ವಾಟತೆ.” ಸಾಕಂತೆ, ನಾಚಿಕೆಯಾಗುತ್ತಿದೆಯಂತೆ. ಎರಡನೆಯ ಚಹಾ ಮುಗಿಯುವ ಹೊತ್ತಿಗೆ ಅವರು ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ಹೆಚ್ಚುಕಡಿಮೆ ಅರ್ಧದ ಅಂತರವಾಗಿತ್ತು.

“ನೀವು ಗೆದ್ರಿ,” ಅಂದರು. “ಈಗ ಪುಕ್ಕಟೆ ಒಂದು ಮಾತು ಕೇಳ್ರಿ.” ಬಿಲ್ಲೆಯ ಮೇಲಿನ ಪಾರದರ್ಶಕ ಮುಚ್ಚಳವನ್ನು ಉಗುರಿನಿಂದ ಬಡಿದು ತೋರಿಸಿದರು. “ಇದು ಆಕ್ರಿಲಿಕ್, ಗಾಜಿನಂಥಾದ್ದು. ನೀರು ತಡಿಯೂದು ಜೋಡಣಿಯೊಳಗಿನ ಈ ರಬ್ಬರ್ ಉಂಗುರ, ನಿಮ್ಮ ಬಿಗಿ ಅಲ್ಲ. ಕೈಲೆ ತಿರುವ್ರಿ, ನಿಂತಲ್ಲೆ ಬಿಡ್ರಿ. ಪಾನಾ, ಸ್ಪ್ಯಾನರ್ ಏನೂ ಮುಟ್ಟಸಬ್ಯಾಡ್ರಿ.”

“ಮೂವತ್ತು ವರ್ಷ ನಳದ ಕೆಲಸ ಮಾಡೀನ್ರಿ.”

“ಅದಕ್ಕ ಹೇಳಾಕತ್ತೀನಿ.”

ಮಗಳು ನಕ್ಕುಬಿಟ್ಟಳು. ಅವರು ಸಾಮಾನು ತುಂಬಿದ ರಟ್ಟಿನ ಪೆಟ್ಟಿಗೆಯನ್ನು ಕಣ್ಣಿನ ಹತ್ತಿರ ತಂದು, ಅದರ ಮುಚ್ಚಳದ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದರು: ‘ಫಕ್ತ ಹಾತಾನೆ’. ಬರೀ ಕೈಯಿಂದ.

ವಾಪಸು ಬರುವಾಗ ಬಸ್ಸು ಯೇವಲಾದಲ್ಲಿ ನಿಂತಿತು. ಮಗಳು ಪೆಟ್ಟಿಗೆಯನ್ನು ತೊಡೆಯಿಂದ ಇಳಿಸದೆ, ನನ್ನ ದನಿ ತೆಗೆದು, “ಇದರ ಆಯುಷ್ಯ ಮುಗದಂಗ ಕಾಣತೈತಿ” ಎಂದು ಬಸ್ಸಿನ ಸೀಟಿಗೆ, ಕಿಟಕಿಗೆ, ಕೊನೆಗೆ ನನ್ನ ಚಪ್ಪಲಿಗೂ ಹೇಳಿದಳು.

ಏಪ್ರಿಲಿನ ಒಂದು ಭಾನುವಾರ ಜೋಡಿಸಲು ಕೂತೆವು. ಪೈಪು ಕತ್ತರಿಸಿದ್ದು ನಾನು. ಜೋಡಣೆಗಳನ್ನೆಲ್ಲ ತಿರುವಿದ್ದು ಅವಳು. ತೆಳ್ಳನೆಯ ಬೆರಳು ಅವಳವು. ತಿರುವುತ್ತ ತಿರುವುತ್ತ ಎಲ್ಲೋ ನಿಲ್ಲಿಸಿ, ಕೈ ಬಿಟ್ಟು, ಮುಂದಿನದಕ್ಕೆ ಹೋಗುತ್ತಿದ್ದಳು. ನನಗೆ ನೋಡಲಾಗಲಿಲ್ಲ. ನಮ್ಮ ಕೆಲಸದಲ್ಲಿ ಪೈಪಿನ ತಿರುಪಿನ ಗೆರೆಗಳಿಗೆ ನಾರು ಸುತ್ತಿ, ಪೇಸ್ಟು ಬಳಿದು, ಕೈಯಲ್ಲಿ ತಿರುವಿದ ಮೇಲೆ ಪಾನಾ ಹಾಕಿ ಕೊನೆಯ ಅರ್ಧ ಸುತ್ತು ಕೊಡುತ್ತೇವೆ. ಆ ಅರ್ಧ ಸುತ್ತು ಕೊಟ್ಟ ಮೇಲೆಯೇ ಚೀಲ ಹೆಗಲಿಗೇರುವುದು. ಅದಿಲ್ಲದೆ ಎದ್ದು ಬಂದ ಮನೆಯಿಂದ ಮರುದಿನ ಫೋನು ಬರುತ್ತದೆ.

“ಒಂಚೂರು ಪಾನಾ—” ಎಂದೆ.

“ಅಪ್ಪಾ! ಫಕ್ತ ಹಾತಾನೆ,” ಎಂದು ಪೆಟ್ಟಿಗೆಯ ಮುಚ್ಚಳ ಎತ್ತಿ ತೋರಿಸಿದಳು.

ಜೋಡಣೆಗಳ ಕೆಳಗೆ ಹಾಸಲು ಟಿಶ್ಯೂ ಕಾಗದ ಬೇಕಿತ್ತು. ಅದನ್ನು ತರಲು ಅವಳು ಕೆಳಗಿನ ಅಂಗಡಿಗೆ ಹೋದಳು. ನಾನು ಚೀಲದಿಂದ ಸಣ್ಣ ಪಾನಾ ತೆಗೆದೆ. ಕೈಗೆ ಸಿಕ್ಕ ಮೂರು ಜೋಡಣೆಗಳಿಗೆ ಅರ್ಧರ್ಧ ಸುತ್ತು ಕೊಟ್ಟೆ. ಮೂರನೆಯದು ಗ್ರಾಫಿಕ್ಸ್ ಕಾರ್ಡಿನ ಬಿಲ್ಲೆಯ ಆಕ್ರಿಲಿಕ್ ಮುಚ್ಚಳದ್ದು. ಅದರಲ್ಲಿ ಟಿಕ್ ಎಂದು ಸಣ್ಣ ಸದ್ದಾಯಿತು. ಉಂಗುರ ಸರಿಯಾಗಿ ಕೂತಿತು ಎಂದುಕೊಂಡೆ. ಅವಳು ಮೆಟ್ಟಿಲು ಹತ್ತಿ ಬರುವಾಗ ಪಾನಾ ಚೀಲದಲ್ಲಿತ್ತು.

ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ತುಂಬಿದೆವು. ಯಾರಾದರೂ ಇಂಥದ್ದು ಕಟ್ಟುವುದಿದ್ದರೆ ನಳದ ನೀರನ್ನು ಮಾತ್ರ ಹಾಕಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ. ಉಳಿದದ್ದಕ್ಕೆ ಕರೆಂಟು ಕೊಡದೆ ಪಂಪನ್ನಷ್ಟೇ ಒಂದು ಇಡೀ ದಿನ ಓಡಿಸಿ. ನಾವೂ ಓಡಿಸಿದೆವು. ಮರುದಿನ ಮಗಳು ಟಿಶ್ಯೂ ಕಾಗದಗಳನ್ನು ಒಂದೊಂದಾಗಿ ಎತ್ತಿ ಕೆನ್ನೆಗೆ ಒತ್ತಿ ನೋಡಿದಳು. ಎಲ್ಲ ಒಣಗಿದ್ದವು. ಅವಳು ತನ್ನವ್ವನ ಎರಡೂ ಕೈ ಹಿಡಿದು ಅಡಿಗೆಮನೆಯಲ್ಲಿ ಗರಗರ ತಿರುಗಿಸಿದಳು. ನಾನು ಗೋಡೆಗೆ ಒರಗಿ ನಿಂತು, ಇದು ನನ್ನ ಅರ್ಧ ಸುತ್ತಿನ ಪುಣ್ಯ ಎಂದುಕೊಂಡೆ.

ಐದು ವಾರ ಯಂತ್ರ ಸದ್ದಿಲ್ಲದೆ ದುಡಿಯಿತು. ತೂತಿನ ಬೆಳಕು ಒಂದೊಂದೇ ತಗಡಿನಿಂದ ಇಳಿದು ನೆಲ ಮುಟ್ಟತೊಡಗಿತ್ತು. ಫೈಲುಗಳು ಭಾರಿ ದೊಡ್ಡವು, ನಕಲು ಇಡಲು ಇನ್ನೊಂದು ಡಿಸ್ಕು ಬೇಕು ಎಂದು ಮಗಳು ಎರಡು ಸಲ ಕೇಳಿದಳು. ತಡಿ, ಅಗ್ಗದಾಗ ಒಂದು ನೋಡಿಟ್ಟೀನಿ ಎಂದೆ. ನೋಡಿಟ್ಟದ್ದು ನಿಜ. ಮಾರುವವನು ಇನ್ನಷ್ಟು ಇಳಿಯಲಿ ಎಂದು ಕಾಯುತ್ತಿದ್ದೆ.

ಚಿತ್ರ ಕೊಡಲು ಎಂಟು ದಿನ ಉಳಿದಿತ್ತು. ನಾನು ಘೋಟಿಯಲ್ಲಿ ಒಂದು ಹೋಟೆಲಿನ ಟಾಕಿ ಕೂರಿಸುತ್ತಿದ್ದೆ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೆಂಡತಿಯ ಫೋನು ಬಂತು. “ನೀರ ಸೋರೈತ್ರಿ. ಅದು ಬಂದ್ ಆಗೈತಿ. ಈಕಿ ಮಾತ ಆಡವಲ್ಲಳು, ಲಗೂನ ಬರ್ರಿ.”

ಮನೆಗೆ ಬಂದಾಗ ಮಗಳು ನೀಲಿ ಡಬ್ಬಿಯ ಮುಂದೆ ನೆಲದ ಮೇಲೆ ಕೂತಿದ್ದಳು. ಗ್ರಾಫಿಕ್ಸ್ ಕಾರ್ಡಿನಿಂದ ತೊಟ್ಟಿಕ್ಕಿದ ನೀರು ನೇರ ಕೆಳಗೆ, ಕೆಲಸವೆಲ್ಲ ತುಂಬಿಟ್ಟಿದ್ದ ಡಿಸ್ಕಿನ ಸಣ್ಣ ಪಟ್ಟಿಯ ಮೇಲೆ ಬಿದ್ದಿತ್ತು. ರಿಪೇರಿಯವರು ಇಬ್ಬರು ನೋಡಿ ಕೈಚೆಲ್ಲಿದ್ದು ಆಮೇಲಿನ ಮಾತು. ಪೆನ್‌ಡ್ರೈವಿನಲ್ಲಿ ಮಾರ್ಚಿನ ಒಂದು ನಕಲು ಇತ್ತು. ಅದರಲ್ಲಿ ತಗಡು ಇತ್ತು, ತೂತುಗಳಿದ್ದವು. ಬಿಸಿಲು ಇರಲಿಲ್ಲ.

ಟಾರ್ಚು ಹಿಡಿದು ಬಗ್ಗಿ ನೋಡಿದೆ. ಮುಚ್ಚಳದ ತೂತಿನ ಅಂಚಿನಿಂದ ಕೂದಲಿನಷ್ಟು ಸಣ್ಣ ಬಿರುಕು ಓಡಿತ್ತು. ಬಿಗಿ ಹೆಚ್ಚಾದಾಗ ಬರುವ ಬಿರುಕು. ಪ್ಲಾಸ್ಟಿಕ್ ನಳಗಳಲ್ಲಿ ನೂರು ಸಲ ನೋಡಿದ್ದೇನೆ. ಅವತ್ತಿನ ಟಿಕ್ ಸದ್ದು ಮತ್ತೆ ಕೇಳಿದಂತಾಯಿತು. ಐದು ವಾರದ ಬಿಸಿಗೆ ಅದು ನಿಧಾನವಾಗಿ ಬಾಯಿ ಬಿಟ್ಟಿತ್ತು.

“ಸಡಿಲ ಇತ್ತೇನಪ್ಪಾ?” ಎಂದಳು ಹಿಂದಿನಿಂದ. “ನಾ ಕೈಲೇನ ತಿರುವಿದ್ದೆ.”

“ಸ್ವಲ್ಪ ಸಡಿಲ ಇದ್ದಂಗ ಐತಿ, ಅವ್ವಿ,” ಎಂದೆ.

ಆ ಮಾತು ಹೇಗೆ ಬಂತು ಎಂದು ಇವತ್ತಿಗೂ ಹೇಳಲಾರೆ. ಬೆಲೆ ಮಾತಾಡುವಾಗ ನನ್ನ ನಾಲಗೆ ನನಗಿಂತ ಮುಂದೆ ಓಡುತ್ತದೆ, ಅವತ್ತೂ ಓಡಿತು. ಮುಚ್ಚಳವನ್ನು ಬಿಚ್ಚಿ ಒರೆಸಿ ಜೇಬಿಗೆ ಹಾಕಿಕೊಂಡೆ. ವಾಳೂಜಿನವರಿಗೆ ಫೋನು ಮಾಡಿ ಕೇಳೋಣ ಎಂದಳು. ಅವರು ಕೇಳುವುದು ಒಂದೇ ಪ್ರಶ್ನೆ, ಪಾನಾ ಮುಟ್ಟಿಸಿದಿರಾ ಎಂದು; ಅದು ನನಗೆ ಗೊತ್ತಿತ್ತು. ಮುಚ್ಚಳ ಗುಜರಿಗೆ ಹೋಯಿತು, ಇನ್ನು ಅವರಿಗೇನು ತೋರಿಸುವುದು ಎಂದೆ. ಅದು ಈಗಲೂ ನನ್ನ ಕೆಲಸದ ಚೀಲದ ತಳದಲ್ಲಿದೆ.

ಮಾರ್ಚಿನ ನಕಲನ್ನೇ ಹಿಡಿದು ಅವಳು ಒಬ್ಬಳೇ ಸಂಭಾಜಿನಗರಕ್ಕೆ ಹೋಗಿ ಬಂದಳು. ಚೆನ್ನಾಗಿದೆ ಎಂದರಂತೆ. ಕೆಲಸ ಬೇರೆಯವರಿಗೆ ಸಿಕ್ಕಿತು. ಮತ್ತೆ ಕಟ್ಟೋಣ, ಈ ಸಲ ಎಲ್ಲ ಹೊಸ ಸಾಮಾನು ಎಂದು ನಾನು ಹೇಳಿದೆ. ನನ್ನ ಬಾಯಿಂದ ಹೊಸ ಸಾಮಾನು ಎಂಬ ಮಾತು ಕೇಳಿ ಹೆಂಡತಿ ತಿರುಗಿ ನೋಡಿದಳು. ಮಗಳು ಬೇಡ ಎಂದಳು. “ಮಾಝಾ ಹಾತಚ್ ತಸಾ ಆಹೆ,” ಎಂದಳು ತನ್ನವ್ವನಿಗೆ. ನನ್ನ ಕೈಯೇ ಅಂಥದ್ದು.

ಈಗ ಅವಳು ದಿನಾ ಬಸ್ಸಿನಲ್ಲಿ ನಿಫಾಡಿಗೆ ಹೋಗುತ್ತಾಳೆ. ದ್ರಾಕ್ಷಿ ಪ್ಯಾಕ್ ಮಾಡುವ ಕಡೆ ಪೆಟ್ಟಿಗೆಗಳ ಚೀಟಿ ತಯಾರಿಸುವ ಕೆಲಸ. ನೀಲಿ ಡಬ್ಬಿಯಲ್ಲಿ ಹೆಂಡತಿ ಉಳ್ಳಾಗಡ್ಡಿ ತುಂಬಿಟ್ಟಿದ್ದಾಳೆ. ಗಾಳಿ ಚೆನ್ನಾಗಿ ಆಡುತ್ತದೆ, ಒಂದೂ ಕೊಳೆತಿಲ್ಲ ಎನ್ನುತ್ತಾಳೆ. ಮಗಳು ಮಾತ್ರ ಯಾವುದನ್ನೂ ಒಂದೇ ಸಲ ಮುಚ್ಚುವುದಿಲ್ಲ. ಗ್ಯಾಸಿನ ಗುಬ್ಬಿ, ಡಬ್ಬಿಯ ಮುಚ್ಚಳ, ಬಾಗಿಲ ಕೀಲಿ, ಎಲ್ಲಕ್ಕೂ “ಅಪ್ಪಾ, ನೀ ಒಮ್ಮೆ ನೋಡು” ಎನ್ನುತ್ತಾಳೆ. ಅಡಿಗೆಮನೆಯ ನಳವನ್ನು ಎರಡೂ ಕೈಯಿಂದ ಎಷ್ಟು ಬಿಗಿಯಾಗಿ ತಿರುವುತ್ತಾಳೆಂದರೆ, ವರ್ಷಗಟ್ಟಲೆ ಬರಬೇಕಾದ ವಾಶರು ಒಂದು ತಿಂಗಳಲ್ಲಿ ಕತ್ತರಿಸಿಹೋಗುತ್ತದೆ. ನಾನು ಸುಮ್ಮನೆ ಬದಲಿಸುತ್ತೇನೆ. ವಾಶರುಗಳನ್ನು ಹಾಕಿಟ್ಟಿರುವುದು ‘ಫಕ್ತ ಹಾತಾನೆ’ ಎಂದು ಬರೆದ ಆ ಪೆಟ್ಟಿಗೆಯಲ್ಲೇ.

ನಾನು ಓದಿದ್ದು ಏಳನೆಯವರೆಗೆ, ಊರಲ್ಲಿ ಅಜ್ಜನ ಮನೆಯಲ್ಲಿದ್ದು; ರಜೆಗಳಲ್ಲೂ ಆಮೇಲೂ ಶೆಡ್ಡೇ ಮನೆ. ಗೀಜರು ರಿಪೇರಿಗೆ ಹೋಗುವ ಮನೆಯೊಂದರ ಬ್ಯಾಂಕಿನ ಸಾಹೇಬರು ಧಾರವಾಡದವರು. ಅವರು ಕೊಟ್ಟ ಪುಸ್ತಕಗಳನ್ನು ಓದಿ ಓದಿ ನನಗೆ ಬರೆಯುವ ಚಟ ಹತ್ತಿದೆ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಬಂದದ್ದು ಅದರಿಂದಲೇ ಇರಬೇಕು. ಆದರೆ ಕೇಳಿದರೆ ಎಲ್ಲ ತಿಳಿಯುತ್ತದೆ.

ಮೊನ್ನೆ ಸಂಜೆ ನಿಫಾಡಿನಿಂದ ಬಂದವಳು ಏನು ಬರೆಯುತ್ತಿದ್ದೀ ಎಂದಳು. ನೀಲಿ ಡಬ್ಬಿಯ ಬಗ್ಗೆ ಎಂದೆ.

“ಓದು, ಕೇಳತೀನಿ.”

ಮೊದಲಿನಿಂದ ಓದಿದೆ. ಅಜ್ಜಿಯ ಕೈಯ ಮಾತು ಬಂದಾಗ ಅವಳು ತಲೆ ತಗ್ಗಿಸಿದಳು. ಪಂಪಿನ ಆಯುಷ್ಯದ ಮಾತು ಬಂದಾಗ ನಕ್ಕಳು. ಅವಳು ಹಾಗೆ ನಕ್ಕು ಎರಡು ವರ್ಷವಾಗಿತ್ತು. ಯೇವಲಾದಲ್ಲಿ ನನ್ನ ಚಪ್ಪಲಿಗೆ ಹೇಳಿದ್ದನ್ನು ಓದಿದಾಗ ಬಾಯಿಗೆ ಓಢಣಿ ಒತ್ತಿಕೊಂಡಳು. ಪುಟ ಮಗುಚಿದೆ. ಏಪ್ರಿಲಿನ ಭಾನುವಾರ ಎಂಬ ಸಾಲು ಕಂಡಿತು.

“ಪುಢೆ?” ಎಂದಳು. ಮುಂದೆ?

“ಮುಂದಿಂದು ಇನ್ನೂ ಬರದಿಲ್ಲವ್ವಿ,” ಎಂದೆ.

ಅವಳು ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿದಳು. ತುಂಬಿದ ಹಾಳೆಗಳು ಇನ್ನೂ ಮೂರು ಇದ್ದವು. ಎದ್ದು, ಮುಖ ತೊಳೆಯಲು ಒಳಗೆ ಹೋದಳು. ನೀರು ಬಿದ್ದ ಸದ್ದು, ಆಮೇಲೆ ನಳ ಮುಚ್ಚಿದ ಸದ್ದು. ನೀರು ನಿಂತ ಮೇಲೂ ಅವಳು ತಿರುವುತ್ತಿದ್ದಳು. ಹಿತ್ತಾಳೆ ಕಿರ್ ಎನ್ನುತ್ತಿತ್ತು. ನಾನು ಹಾಳೆ ಮಡಚಿಟ್ಟು, ಬೆಳಗ್ಗೆ ಹಾಕಲು ಪೆಟ್ಟಿಗೆಯಿಂದ ಒಂದು ವಾಶರು ತೆಗೆದಿಟ್ಟೆ.