ಮೊಸರಿನ ಮುಚ್ಚಳದ ಮೇಲೆ ಒಂದು ಹೆಸರು

ಬೆಳಗ್ಗೆ ಎದ್ದು ಡಿಶ್‌ವಾಷರ್ ಖಾಲಿ ಮಾಡಿದೆ. ಇಡ್ಲಿಗೆ ಉದ್ದು, ಅಕ್ಕಿ ನೆನೆಹಾಕಿದೆ. ಮುಂದಿನ ಮೆಟ್ಟಿಲ ಮೇಲೆ ಐಸ್ ಕಟ್ಟಿತ್ತು, ಎರಡು ಹಿಡಿ ಉಪ್ಪು ಎರಚಿದೆ. ಹೆಂಡತಿಯ ಕಾರಿನ ಗಾಜು ಕೆರೆದು ಕೊಟ್ಟೆ. ಮಗಳನ್ನು ಸ್ಕೂಲ್ ಬಸ್ಸಿಗೆ ಬಿಟ್ಟು ಬಂದೆ. ಗ್ಲೌಸ್ ಮರೆತಿದ್ದಳು, ಮತ್ತೆ ಓಡಿದೆ. ಹತ್ತು ಗಂಟೆಯ ಮೀಟಿಂಗ್ ಮುಗಿಸಿ, ಖಾಲಿಯಾಗಿದ್ದ ಮೊಸರಿನ ದೊಡ್ಡ ಡಬ್ಬಿ ತೊಳೆದು ರೀಸೈಕಲ್ ಬುಟ್ಟಿಗೆ ಹಾಕಿದೆ. ಮುಚ್ಚಳವನ್ನು ಹಾಕಲಿಲ್ಲ. ಅದರ ಹುಳಿ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ...

ಮೊಸರಿನ ಮುಚ್ಚಳವನ್ನು ಎಸೆಯಬಾರದೆಂದು ನನಗೆ ಕಲಿಸಿದವರು ಎದುರು ಮನೆಯ ಆಂಟಿ. ಅದನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ, ಒಂದು ತುದಿ ಚೂಪು ಮಾಡಿ, ಗಿಡದ ಪಕ್ಕ ಮಣ್ಣಿಗೆ ಚುಚ್ಚುತ್ತಿದ್ದರು. ಬರೆಯುತ್ತಿದ್ದುದು ಪೆನ್ಸಿಲ್ಲಿನಲ್ಲಿ ಮಾತ್ರ. ನಾನು ಒಮ್ಮೆ ಮಾರ್ಕರ್ ಕೊಡಲು ಹೋದೆ.

"ಬ್ಯಾಡೋ ತಮ್ಮಾ. ಇಂಕು ಒಂದ ಮಳಿಗಾಲ ತಡಿಯಂಗಿಲ್ಲ. ಪೆನ್ಸಿಲ್ ನೋಡು, ನಾ ಹೋದ ಮ್ಯಾಲೂ ಇರತೈತಿ."

ಅವರು ಧಾರವಾಡದ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಪಾಠ ಹೇಳುವ ಕೆಲಸವಲ್ಲ. ಒಣಗಿಸಿದ ಗಿಡಗಳನ್ನು ಕಾಗದಕ್ಕೆ ಅಂಟಿಸಿ, ಪ್ರೊಫೆಸರುಗಳು ಹೇಳಿದ ಹೆಸರನ್ನು ಕೆಳಗೆ ಬರೆಯುವ ಕೆಲಸ. ನಿವೃತ್ತಿಯಾದ ಮೇಲೆ ಅಮೆರಿಕದ ಆಶ್‌ಬರ್ನಿನಲ್ಲಿ ನಮ್ಮ ಎದುರಿನ ಟೌನ್‌ಹೌಸಿಗೆ, ಮಗಳ ಜೊತೆ ಇರಲು ಬಂದಿದ್ದರು. ಬಂದ ಆರು ತಿಂಗಳಿಗೇ ಕೋವಿಡ್ ಬಂತು. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ, ನನ್ನ ಹೆಂಡತಿ ಆಸ್ಪತ್ರೆಯ ಲ್ಯಾಬಿಗೆ ಹೋಗುತ್ತಿದ್ದಳು. ಬೀದಿಯಲ್ಲಿ ಹಗಲು ಹೊತ್ತು ಮಾತಿಗೆ ಸಿಗುತ್ತಿದ್ದವರು ನಾವಿಬ್ಬರೇ. ಹತ್ತು ಅಡಿ ದೂರ ನಿಂತು, ಮಾಸ್ಕ್ ಹಾಕಿಕೊಂಡು, ಇಂದು ಯಾವ ಪಲ್ಯ ಎಂದು ಕೂಗಿ ಕೇಳುತ್ತಿದ್ದರು.

ಎರಡನೆಯ ಚಳಿಗಾಲ, ಫೆಬ್ರವರಿ. ಊರ ಹೊರಗೆ, ಆಲ್ಡಿ ಎಂಬ ಹಳ್ಳಿಯ ಕಡೆಯ ಫಾರ್ಮೊಂದರಿಂದ ಹಾಲು ತರಲು ಹೊರಟಿದ್ದೆ. ಆಂಟಿಯೂ ಬಂದರು, ಇಳಕಲ್ ಸೀರೆಯ ಮೇಲೆ ಅಳಿಯನ ಹಳೆಯ ಜಾಕೆಟ್ ಹಾಕಿಕೊಂಡು, ಹಿಂದಿನ ಸೀಟಿನಲ್ಲಿ ಕಿಟಕಿ ಇಳಿಸಿಕೊಂಡು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಭುಜಕ್ಕೆ ತಟ್ಟಿದರು.

"ಗಾಡಿ ನಿಲ್ಲಸು. ಅಲ್ಲೇನೋ ಹಾಲ ಚೆಲ್ಲಿದಂಗ ಐತಿ."

ಹಳ್ಳದ ಪಕ್ಕದ ಬೋಳು ಮರಗಳ ಕೆಳಗೆ ಸ್ನೋಡ್ರಾಪ್ ಹೂವುಗಳು. ಹಿಮ ಇನ್ನೂ ಅಲ್ಲಲ್ಲಿ ಉಳಿದಿರುವಾಗಲೇ ಅರಳುವ, ಗೇಣುದ್ದದ, ತಲೆ ತಗ್ಗಿಸಿದ ಬಿಳಿ ಹೂವು. ಯಾವುದೋ ಕಾಲದಲ್ಲಿ ಅಲ್ಲೊಂದು ಮನೆಯಿತ್ತು. ಉಳಿದದ್ದು ಒಂದು ಕಲ್ಲಿನ ಮೆಟ್ಟಿಲು ಮಾತ್ರ. ಮನೆ ಹೋದರೂ ಅಂಗಳದ ಹೂವು ತನ್ನಷ್ಟಕ್ಕೆ ಹಬ್ಬಿ ಕಾಡು ಸೇರಿತ್ತು. ಸುತ್ತ ಸರ್ವೆಯವರ ಗೂಟಗಳಿಗೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿದ್ದರು.

ಆಂಟಿ ಮಂಡಿಯೂರಿ ಕುಳಿತು ಒಂದೊಂದೇ ಹೂವಿನ ಗಲ್ಲ ಎತ್ತಿ ನೋಡತೊಡಗಿದರು, ಮಕ್ಕಳ ಮುಖ ಎತ್ತಿ ನೋಡುವ ಹಾಗೆ. ಎಲ್ಲದರ ಒಳದಳದಲ್ಲೂ ಒಂದು ಹಸಿರು ಗುರುತು. ಅರ್ಧ ಗಂಟೆಯಾಯಿತು. ನನ್ನ ಕಾಲು ಮರಗಟ್ಟಿತ್ತು, ಹಾಲಿನ ಅಂಗಡಿ ಮುಚ್ಚುವ ಹೊತ್ತು. ಕಲ್ಲಿನ ಮೆಟ್ಟಿಲ ಹತ್ತಿರ ಅವರು ಇನ್ನಷ್ಟು ಬಾಗಿದರು. ಅಲ್ಲಿ ಮೂರು ಹೂವುಗಳ ಗುರುತು ಹಸಿರಾಗಿರಲಿಲ್ಲ, ಅರಿಶಿನದ ಬಣ್ಣ. ಹೂವಿನ ನೆತ್ತಿಯ ಪುಟ್ಟ ಕಾಯಿಯೂ ಅರಿಶಿನ.

"ತಗೊಂಡು ಹೋಗೋಣ ಆಂಟಿ, ಬೇಗ ಕಿತ್ತುಬಿಡಿ," ಅಂದೆ.

"ಕೇಳದ ಕಿತ್ತರ ಅದು ಕಳವು. ಕದ್ದದ್ದಕ್ಕ ಹೆಸರ ಇಡಾಕ ಬರಂಗಿಲ್ಲ."

ಜಮೀನಿನ ಮಾಲೀಕನನ್ನು ಹುಡುಕಿದೆವು. ಮುದುಕ, ಪಿಕಪ್ ಟ್ರಕ್ಕಿನ ಕಿಟಕಿಯಿಂದಲೇ ಮಾತಾಡಿದ. ಏಪ್ರಿಲ್‌ನಲ್ಲಿ ಅಲ್ಲೆಲ್ಲ ಬುಲ್ಡೋಜರ್ ಬರುತ್ತದೆ, ಬೇಕಾದಷ್ಟು ತೆಗೆದುಕೊಳ್ಳಿ ಎಂದ. ಆ ಮೆಟ್ಟಿಲಿನಿಂದ ತನ್ನ ಅಜ್ಜಿ ಪಾತ್ರೆ ತೊಳೆದ ನೀರು ಚೆಲ್ಲುತ್ತಿದ್ದಳಂತೆ. ಅಜ್ಜಿಯ ಹೆಸರೇನು ಎಂದು ಆಂಟಿ ನನ್ನಿಂದ ಕೇಳಿಸಿದರು. ಆತ ಯೋಚಿಸಿ, "ನಾವೆಲ್ಲ ಗ್ರ್ಯಾನಿ ಎನ್ನುತ್ತಿದ್ದೆವು," ಎಂದ. ಹೆಸರು ನೆನಪಿಗೆ ಬರಲಿಲ್ಲ. ಆಂಟಿಯ ಮನಸ್ಸಿನಲ್ಲಿ ಅದು ಬಹಳ ಹೊತ್ತು ಉಳಿಯಿತು...

ಅವರ ಮಗಳ ಮನೆಗೆ ಹಿತ್ತಲಿರಲಿಲ್ಲ. ಅಗೆದು ತಂದ ಆ ಮೂರು ಹೂವಿನ ಗಡ್ಡೆಗಳು ನಮ್ಮ ಬೇಲಿಯ ಮೂಲೆಗೆ ಬಂದವು. ಮುಚ್ಚಳದ ಪಟ್ಟಿಯ ಮೇಲೆ ಆಂಟಿ "ಕೂಸು" ಎಂದಷ್ಟೇ ಬರೆದರು.

"ಅರಿಶಿನ ಅಂತ ಇಟ್ಬಿಡಿ ಆಂಟಿ, ಸಿಂಪಲ್ಲಾಗಿ."

"ಅದು ಹೆಸರಲ್ಲೋ, ಬಣ್ಣ. ನಿನ್ನ ಮಗಳಿಗೆ ಗೋಧಿ ಬಣ್ಣ ಅಂತ ಹೆಸರಿಟ್ಟೀಯೇನು?"

ನನ್ನ ಮಗಳು ಪಕ್ಕದಲ್ಲೇ ಇದ್ದಳು, ಕಾರ್ಟೂನ್ ಸಿನಿಮಾದ ಹಿಮರಾಣಿಯ ಗುಂಗಿನಲ್ಲಿ. "ಆಂಟಿ, ಎಲ್ಸಾ ಇಡಿ, ಪ್ಲೀಸ್! ಇಟ್ಸ್ ಎ ಸ್ನೋ ಫ್ಲವರ್!"

"ಅಕಿ ಯಾರವ್ವ? ನಿಮ್ಮ ಕ್ಲಾಸಿನಾಕಿ?"

ಆಂಟಿಯ ನಿಯಮ ಹೀಗಿತ್ತು. ವಿಚಿತ್ರವಾಗಿ ಕಂಡ ಹೂವಿಗೆಲ್ಲ ಹೆಸರಿಡಬಾರದು. ಜಾಗ ಬದಲಾದರೆ, ಬಿಸಿಲು ಕಡಿಮೆಯಾದರೆ, ಅರಿಶಿನ ಮತ್ತೆ ಹಸಿರಿಗೆ ತಿರುಗಬಹುದು. ಕಂಡ ವರ್ಷವೂ ಸೇರಿ ಮೂರು ಸಲ ಅದೇ ಮುಖ ತೋರಿಸಬೇಕು. ಅಲ್ಲಿಯವರೆಗೆ ಅದು ಕೂಸು. "ಮೂವತ್ತು ವರ್ಷ ಬ್ಯಾರೆಯವರು ಇಟ್ಟ ಹೆಸರ ಬರದೇನಿ," ಎಂದರು. "ಒಂದಾದ್ರೂ ನಾ ಇಡಬೇಕು ನೋಡು." ನಂತರ, ಮಣ್ಣು ಕೊಡವುತ್ತಾ, ಯಾರಿಗೂ ಅಲ್ಲವೆಂಬಂತೆ, "ನನಗ ಎರಡ ಸಲ ಹೆಸರಿಟ್ಟಾರ. ತೊಟ್ಟಿಲದಾಗ ಒಮ್ಮೆ, ಮದುವಿ ಹಂದರದಾಗ ಒಮ್ಮೆ. ನನ್ನ ಯಾರೂ ಕೇಳಲಿಲ್ಲ."

"ಮೊದಲನೇದು ಏನಾಂಟಿ?"

"ಅದ್ಯಾಕೀಗ? ಅದನ್ನ ಕರಿಯೋರು ಯಾರೂ ಉಳದಿಲ್ಲ."

ಮರುವರ್ಷ ಮೂರೂ ಅರಳಿದವು. ಮೂರೂ ಅರಿಶಿನ. ಆಂಟಿ ಪಟ್ಟಿಯ ಮೇಲೆ ಎರಡು ಗೆರೆ ಎಳೆದರು. ಇನ್ನೊಂದು ಚಳಿಗಾಲ ಸಾಕಿತ್ತು.

ಇನ್ನು ನಾನು ಮಾಡಿದ ಕೆಲಸ. ಆ ಜೂನ್‌ನಲ್ಲಿ ಬೇಲಿಯ ಕಂಬ ಬದಲಿಸಲು ಕೆಲಸದವರು ಬರುವವರಿದ್ದರು. ಎಲೆ ಒಣಗಿ ಗಡ್ಡೆ ಮಲಗಿರುವ ಕಾಲ. ಅಗೆದು ತೆಗೆದು ಒಣ ಜಾಗದಲ್ಲಿಡು ಎಂದು ಆಂಟಿ ಹೇಳಿದರು. ನಾನು ಒಂದು ಬಿದಿರಿನ ಬುಟ್ಟಿಯಲ್ಲಿ ಹಾಕಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಪಕ್ಕದಲ್ಲಿ ಇಂಡಿಯನ್ ಸ್ಟೋರಿನಿಂದ ತಂದ ಸಾಂಬಾರ್ ಈರುಳ್ಳಿ, ಅದೂ ಬುಟ್ಟಿಯಲ್ಲೇ. ಕಂಬದ ಕೆಲಸ ಮುಗಿದ ಮರುದಿನ ಮಧ್ಯಾಹ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮ್ಯೂಟ್ ಮಾಡಿಕೊಂಡು, ಯಾರೋ ಬಜೆಟ್ ವಿವರಿಸುತ್ತಿದ್ದುದನ್ನು ಕೇಳುತ್ತಾ ಹುಳಿಗೆ ಈರುಳ್ಳಿ ಸುಲಿಯಲು ಕುಳಿತೆ. ಎರಡನ್ನು ಸುಲಿದು ಹೆಚ್ಚಿದೆ. ಕಣ್ಣು ಉರಿಯಲೇ ಇಲ್ಲ. ಒಳ್ಳೆಯ ಈರುಳ್ಳಿ ಎಂದುಕೊಂಡೆ. ಮೂರನೆಯದಕ್ಕೆ ಚಾಕು ತಾಗಿಸಿದಾಗ ಕೈಯನ್ನು ಮೂಗಿನ ಹತ್ತಿರ ತಂದೆ. ಘಾಟು ಇಲ್ಲ, ಮಣ್ಣಿನ ವಾಸನೆ ಮಾತ್ರ...

ರಸ್ತೆ ದಾಟಿ ಹೋಗಿ ಹೇಳಿದೆ. ಆಂಟಿ ಬಾಗಿಲಲ್ಲೇ ನಿಂತಿದ್ದರು. ಮೊದಲು ಕೇಳಿದ್ದು, "ಹುಳಿಗೆ ಹಾಕಿಲ್ಲ ಹೌದಿಲ್ಲೋ? ವಿಷ ಅದು."

"ಹಾಕಿಲ್ಲ ಆಂಟಿ."

"ಕೂಸು ತಿನ್ನಲಿಲ್ಲಲಾ?"

"ಇಲ್ಲ ಆಂಟಿ, ಸ್ಕೂಲಲ್ಲಿದಾಳೆ."

ಆಮೇಲೆ ಬಾಗಿಲು ಹಾಕಿಕೊಂಡರು. ನಾನು ಬುಟ್ಟಿ ಹಿಡಿದುಕೊಂಡು ಅವರ ಮೆಟ್ಟಿಲ ಮೇಲೆ ನಿಂತೇ ಇದ್ದೆ. ಮರುದಿನ ಬೆಳಗ್ಗೆ ಅವರೇ ಬಂದರು, ಕೈಯಲ್ಲಿ ಒಂದು ಡಬ್ಬಿ ಗುರೆಳ್ಳು ಚಟ್ನಿಪುಡಿ. "ಇದನ್ನ ಸುಲಿಯೋದಿಲ್ಲ, ಹೆಚ್ಚೋದಿಲ್ಲ. ಬರೇ ತಿನ್ನೂದು. ಇಷ್ಟಾದ್ರೂ ತಿಳೀತೈತಿ ಹೌದಿಲ್ಲೋ?" ಅಂದರು. ನಾನು ಡಬ್ಬಿ ಒಳಗಿಟ್ಟು ಬರುವಷ್ಟರಲ್ಲಿ ಹಿತ್ತಲಿಗೆ ನಡೆದು, ಉಳಿದ ಒಂದು ಗಡ್ಡೆಯನ್ನು ತಾವೇ ನೆಟ್ಟರು. "ಒಂದ ಐತಲ್ಲ. ಒಂದಿದ್ರ ಸಾಕು."

ಚಾಕು ತಾಗಿದ ಗಡ್ಡೆ ಮುನಿಸಿಕೊಂಡಿತು. ಮುಂದಿನ ಫೆಬ್ರವರಿಯಲ್ಲಿ ಎರಡು ಎಲೆ ಬಂದವು, ಹೂವಿಲ್ಲ. ಆಂಟಿ ಪ್ರತಿದಿನ ಬೆಳಗ್ಗೆ ಬಂದು ನೋಡಿ ಹೋಗುತ್ತಿದ್ದರು. ಒಂದು ದಿನವೂ ನನ್ನನ್ನು ದೂರಲಿಲ್ಲ. ನಾನೇ ಕಿಟಕಿಯಿಂದ ನೋಡಲಾರದೆ ಕಾಫಿ ಲೋಟ ತೊಳೆಯುತ್ತಾ ನಿಲ್ಲುತ್ತಿದ್ದೆ. ಏಪ್ರಿಲ್‌ನಲ್ಲಿ ಎಲೆ ಹಳದಿಯಾದಾಗ, "ಮುಂದಿನ ವರ್ಷ ನೋಡೂಣಂತ," ಎಂದರು.

ಆ ಅಕ್ಟೋಬರಿನಲ್ಲಿ ಆಂಟಿ ತೀರಿಕೊಂಡರು. ಬೆಳಗ್ಗೆ ಚಹಾ ಕುಡಿದು ಸೋಫಾದಲ್ಲಿ ಒರಗಿದವರು ಏಳಲಿಲ್ಲ. ಮೇಪಲ್ ಎಲೆಗಳು ಅವರ ಮೆಟ್ಟಿಲ ಮೇಲೆ ಗುಡ್ಡೆಯಾಗಿದ್ದವು. ನಾನು ಗುಡಿಸಿ ಬಂದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಮುಂದಿನ ಚಳಿಗಾಲದಲ್ಲೂ ಎಲೆ ಮಾತ್ರ.

ಇಂದು ಮುಚ್ಚಳ ಕೈಯಲ್ಲಿ ಹಿಡಿದು ಕತ್ತರಿ ಹುಡುಕಿದ್ದು ಏಕೆಂದರೆ, ಬೆಳಗ್ಗೆ ಕಸದ ಚೀಲ ಇಡಲು ಹಿತ್ತಲಿಗೆ ಹೋದಾಗ ಬೇಲಿಯ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ ಕಂಡಿತ್ತು. ಆಂಟಿ ಮಾಡುತ್ತಿದ್ದಂತೆ ಮಂಡಿಯೂರಿ ಗಲ್ಲ ಎತ್ತಿದೆ. ಅರಿಶಿನ. ಹಳೆಯ ಪಟ್ಟಿ ಅಲ್ಲೇ ಇತ್ತು, "ಕೂಸು" ಎಂಬ ಅಕ್ಷರ, ಎರಡು ಗೆರೆ. ಇಂಕಾಗಿದ್ದರೆ ಎಂದೋ ಅಳಿಸಿಹೋಗುತ್ತಿತ್ತು. ಮೂರನೆಯ ಗೆರೆಯನ್ನು ನಾನು ಎಳೆದೆ.

ಹೆಸರಿಡಬೇಕಾದವರು ಇಲ್ಲ. ಅವರು ಯಾವ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ನಾನು ಕೇಳಿಯೇ ಇರಲಿಲ್ಲ. ಅವರ ಹೆಸರನ್ನೇ ಇಡೋಣ ಎಂದುಕೊಂಡಾಗ, ಪೆನ್ಸಿಲ್ ಹಿಡಿದು ಅಲ್ಲೇ ಕುಳಿತುಬಿಟ್ಟೆ. ನನಗೆ ಅವರ ಹೆಸರು ಗೊತ್ತಿರಲಿಲ್ಲ. ನಾಲ್ಕು ವರ್ಷ ಅವರ ಚಟ್ನಿಪುಡಿ ತಿಂದವನು, ಗ್ರ್ಯಾನಿಯ ಹೆಸರು ಮರೆತ ಆ ಮುದುಕನಿಗಿಂತ ನಾನೇನೂ ಮೇಲಲ್ಲ. ಆಂಟಿ, ಅಷ್ಟೇ.

ಎದುರು ಮನೆಗೆ ಮೆಸೇಜ್ ಮಾಡಿದೆ. ಅವರ ಮಗಳು ಊಟದ ಹೊತ್ತಿಗೆ ತಾನೇ ಬಂದಳು, ಕೈಯಲ್ಲಿ ಒಂದು ಫೈಲ್. ಅಮ್ಮನ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡುವಾಗ ಮಾಡಿಸಿದ ಅಫಿಡವಿಟ್. ಶಾಲೆಯ ಅಂಕಪಟ್ಟಿಯಲ್ಲಿ ಒಂದು ಹೆಸರು, ಮದುವೆಯ ನಂತರದ ಕಾಗದಗಳಲ್ಲಿ ಇನ್ನೊಂದು. ಎರಡೂ ಒಬ್ಬಳವೇ ಎಂದು ಬರೆದು, ಕೆಳಗೆ ಆಂಟಿಯ ದುಂಡು ಕೈಬರಹದ ಸಹಿ.

"ಯಾವುದನ್ನ ಇಡ್ತೀರಾ?" ಎಂದು ಕೇಳಿದಳು.

"ಮೊದಲನೇದು."

ಅವಳು ಕಾಗದದ ಮೇಲಿನ ಆ ಹೆಸರಿಗೆ ಬೆರಳಿಟ್ಟಳು. "ನಾನೂ ಆ ಹೆಸರನ್ನ ಒಂದ್ಸಲಾನೂ ಬಾಯಿಬಿಟ್ಟು ಹೇಳಿಲ್ಲ," ಎಂದಳು. ಆಮೇಲೆ ಹಿತ್ತಲಿಗೆ ಬಂದು, ಹೂವಿನ ಹತ್ತಿರ ಬಾಗಿ, ತೊಟ್ಟಿಲಿನ ಕೂಸಿಗೆ ಹೇಳುವಂತೆ ಮೂರು ಸಲ ಹೇಳಿದಳು. ನಾನು ಹೊಸ ಪಟ್ಟಿಯ ಮೇಲೆ ಬರೆದೆ. ಆ ಹೆಸರು ಇಲ್ಲಿ ಬೇಡ. ನೋಡಬೇಕೆನ್ನುವವರು ನಮ್ಮ ಹಿತ್ತಲಿಗೆ ಬಂದು ಮಂಡಿಯೂರಿದರೆ ಸಾಕು. ಆಂಟಿ ಇದ್ದಿದ್ದರೆ ನನ್ನ ಅಕ್ಷರ ಸೊಟ್ಟ ಎನ್ನುತ್ತಿದ್ದರು. ಎನ್ನಬೇಕಿತ್ತು...

ರಾತ್ರಿ ಅನ್ನ, ಹುಳಿ, ಹಪ್ಪಳ. ಹುಳಿಗೆ ದೊಡ್ಡ ಈರುಳ್ಳಿ ಹಾಕಿದೆ. ಅಂದಿನಿಂದ ಈ ಮನೆಗೆ ಸಾಂಬಾರ್ ಈರುಳ್ಳಿ ಬಂದಿಲ್ಲ. ಹೆಂಡತಿ ಎರಡು ಸಲ ಬಡಿಸಿಕೊಂಡಳು. ಮಗಳು ಹೋಂವರ್ಕ್ ಅರ್ಧಕ್ಕೆ ಬಿಟ್ಟು ಒಂಬತ್ತಕ್ಕೇ ಮಲಗಿದಳು. ಅವಳಿಗಿಂತ ಮೊದಲು, ಸಂಜೆಯ ಚಳಿ ಬೀಳುತ್ತಿದ್ದಂತೆ ದಳ ಮುಚ್ಚಿಕೊಂಡು, ಹಿತ್ತಲಿನ ಹೂವು ಮಲಗಿತ್ತು.