ಕತ್ತರಿಸಿಟ್ಟ ಕೊನೆ

ಹಳೆಯ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದವನನ್ನು ಎಲ್ಲರೂ ರೀಲಣ್ಣ ಎನ್ನುತ್ತಿದ್ದರು. ಕೆಲಸದಲ್ಲಿ ಎತ್ತಿದ ಕೈ. ಒಂದು ರೀಲು ಮುಗಿಯುವ ಮುನ್ನ ಪರದೆಯ ಮೂಲೆಯಲ್ಲಿ ಚುಕ್ಕಿಯೊಂದು ಮಿಂಚುತ್ತದೆ. ಕಂಡೊಡನೆ, ಮುಂದಿನ ರೀಲು ಏರಿಸಿಟ್ಟ ಎರಡನೆಯ ಯಂತ್ರವನ್ನು ಚಾಲು ಮಾಡಬೇಕು. ಅದಕ್ಕಾಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಕೊನೆಯ ರೀಲಿಗೆ ಮಾತ್ರ ಆ ಚುಕ್ಕಿಯ ಹಂಗಿಲ್ಲ, ನೋಡದಿದ್ದರೂ ನಡೆಯುತ್ತದೆ.

ಆ ವಾರ ಬಂದದ್ದು ಮುಂದೆಂದೋ ನಡೆಯುವ ಕಥೆ. ಸೂರ್ಯ ಮಂಕಾಗಿ, ಭೂಮಿ ಹೆಪ್ಪುಗಟ್ಟಿ, ಅಳಿದುಳಿದವರು ನೆಲದಡಿಯಲ್ಲಿ ಬದುಕುತ್ತಾರೆ. ಕೊನೆಯ ರೀಲಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಚಳಿಗೆ ತಾಯಿಯ ಮಡಿಲಲ್ಲೇ ಕಣ್ಣು ಮುಚ್ಚುತ್ತಾಳೆ. ರೀಲಣ್ಣನ ಅಕ್ಕನ ಮಗಳು ಜ್ವರದಲ್ಲಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವನು ಪರದೆಗೆ ಬೆನ್ನು ತಿರುಗಿಸಿ ನಿಂತ. ಮರುದಿನ, ಹುಡುಗಿ ಕೊನೆಯ ಸಲ ನಗುವಲ್ಲಿಂದ ಮುಂದಿನದನ್ನೆಲ್ಲ ಕತ್ತರಿಸಿ ಡಬ್ಬಿಯಲ್ಲಿಟ್ಟ. ಜನ ನಗುನಗುತ್ತಾ ಮನೆಗೆ ಹೋದರು. ಪುಣ್ಯದ ಕೆಲಸ ಮಾಡಿದೆನೆಂದು ಬೀಗಿದ.

ಭಾನುವಾರ ಮಧ್ಯಾಹ್ನದ ಆಟಕ್ಕೆ ಅಕ್ಕ ಬಂದಳು, ಜೊತೆಗೆ ಭಾವ. ಮಗಳು ಹೋದ ಮೇಲೆ ಭಾವ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ಆಟ ಮುಗಿದೊಡನೆ ಅಕ್ಕ ಮೆಟ್ಟಿಲೇರಿ ಯಂತ್ರದ ಕೋಣೆಗೇ ಬಂದಳು.

"ಮಿಕ್ಕಿದ್ದು ಎಲ್ಲೋ?"

"ಅಷ್ಟೇ ಅಕ್ಕ ಇರೋದು."

"ನನ್ನ ಕಿವಿಗೇ ಹೂ ಇಡ್ತೀಯೇನೋ? ಮೊದಲ್ನೇ ದಿನವೇ ನೋಡಿದೀನಿ. ಮಗು ಹೋದ್ಮೇಲೆ ಆ ತಾಯಿ ಎದ್ದು, ಅದರ ಕಂಬಳಿ ಒಯ್ದು ಪಕ್ಕದವರ ಮಗೂಗೆ ಹೊದಿಸ್ತಾಳಲ್ಲ, ಅದನ್ನ ತೋರಿಸೋಕೇ ಇವರನ್ನ ಕೈಕಾಲು ಹಿಡಿದು ಕರ್ಕೊಂಡು ಬಂದೆ. ಅಲ್ಲೂ ಕತ್ತಲೆಯೇ. ಆದ್ರೂ ಎದ್ದಳಲ್ಲೋ!"

ರೀಲಣ್ಣನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆ ಕಂಬಳಿಯನ್ನು ಅವನು ಕಂಡೇ ಇರಲಿಲ್ಲ.

"ನಾನೇ ಕತ್ತರಿಸ್ದೆ ಅಕ್ಕ. ನೀವು ನೊಂದ್ಕೋತೀರಿ ಅಂತ..."

"ನಮ್ಮ ಹೆಸರು ಹೇಳ್ಬೇಡ," ಬಾಗಿಲಲ್ಲಿ ನಿಂತಿದ್ದ ಭಾವ ಎಂದರು. "ನಿನಗೇ ಧೈರ್ಯ ಸಾಲ್ಲಿಲ್ಲ. ಕದ ಹಾಕ್ಕೊಂಡು ಕೂತವನು ನಾನು, ನಂಗೆ ಗೊತ್ತಾಗಲ್ವಾ? ಹಾಕು, ಒಟ್ಟಿಗೇ ನೋಡೋಣ."

ರೀಲಣ್ಣ ಡಬ್ಬಿಯಲ್ಲಿದ್ದ ತುಂಡನ್ನು ರೀಲಿಗೆ ಅಂಟಿಸಿ ಓಡಿಸಿದ. ಮೂವರೂ ಗೋಡೆಯ ಕಿಂಡಿಗಳಿಗೆ ಮುಖವಿಟ್ಟು ನಿಂತರು. ಹುಡುಗಿ ಕಣ್ಣು ಮುಚ್ಚಿದಾಗ ಭಾವನ ಬೆರಳುಗಳು ಅವನ ಭುಜವನ್ನು ಉಗುರೂರುವಂತೆ ಹಿಡಿದವು. ತಾಯಿ ಎದ್ದ ಮೇಲೂ ಬಿಡಲಿಲ್ಲ.

ಸಂಜೆಯ ಆಟಕ್ಕೆ, ನೋಡಿದ್ದನ್ನೇ ನೋಡಲು ಬಂದ ಕೆಲವರಿದ್ದರು. ರೀಲಣ್ಣ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ.

"ಮೊನ್ನೆ ನಿಮಗೆ ಪೂರ್ತಿ ತೋರಿಸ್ಲಿಲ್ಲ, ತಪ್ಪಾಯ್ತು."

"ಬಿಡೋ ಮಾರಾಯ," ಎಂದರೊಬ್ಬ ಹಿರಿಯರು, ಅವನ ಬೆನ್ನು ತಟ್ಟಿ, "ಎಷ್ಟು ಖುಷಿಯಾಗಿ ಮನೆಗೆ ಹೋದ್ವಿ ಗೊತ್ತಾ!"

ಆ ಮೆಚ್ಚುಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.